ಹಂಚಿನ ಮೇಲಿನ ಹೆಸರು

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿರುವ ಅಣ್ಣನ ಮಗ 2024ರ ಮಾರ್ಚಿನಲ್ಲಿ ಫೋನು ಮಾಡಿದವನು, "ಅತ್ತೆ, ನೀವು ಟೈಪಿಂಗ್ ಕಲಿತ ರೆಮಿಂಗ್ಟನ್ ಮೆಷಿನ್ನಿನ ತವರುಮನೆಗೆ ಬೀಗ ಬಿತ್ತು" ಎಂದ. ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಅವನೇ ವಿವರಿಸಿದ. ಅಲ್ಲಿ ಇಲಿಯನ್ ಎಂಬ ಸಣ್ಣ ಊರಿದೆ. 1816ರಲ್ಲಿ ರೆಮಿಂಗ್ಟನ್ ಎಂಬಾತ ಶುರುಮಾಡಿದ ಬಂದೂಕಿನ ಕಸುಬು ಆ ಊರಿನಲ್ಲಿ ದೊಡ್ಡ ಕಾರ್ಖಾನೆಯಾಗಿ ಬೆಳೆಯಿತು. 1873ರಿಂದ ಅದೇ ಕಂಪನಿ ಟೈಪ್‌ರೈಟರನ್ನೂ ತಯಾರಿಸತೊಡಗಿತು. ಬಿ.ಎ. ಮುಗಿಸಿ ಕುಂದಾಪುರದ ಟೈಪಿಂಗ್ ಶಾಲೆಯಲ್ಲಿ ನಾನು ಬೆರಳು ನೋಯುವ ತನಕ ಕುಟ್ಟಿದ್ದು ಆ ಹೆಸರಿನ ಯಂತ್ರವನ್ನೇ. ಕಂಪನಿ 2018ರಲ್ಲಿ, 2020ರಲ್ಲಿ ಎರಡು ಸಲ ದಿವಾಳಿಯಾಯಿತು. ಕೊಂಡುಕೊಂಡ ಹೊಸ ಧಣಿಗಳು ಕೆಲಸವನ್ನು ಜಾರ್ಜಿಯಾ ರಾಜ್ಯಕ್ಕೆ ಸಾಗಿಸಿ, ಹಳೆಯ ಕಾರ್ಖಾನೆಯನ್ನು ಮುಚ್ಚಿದರು.

"ಬಂದೂಕಿನ ಕಾರ್ಖಾನೆ ತಾನೆ? ಒಳ್ಳೆಯದೇ ಆಯಿತು" ಎಂದೆ, ಟೀಚರ ಬುದ್ಧಿ ಬಿಡದೆ. ಅವನು ನಗಲಿಲ್ಲ. 2023ರ ನವೆಂಬರ್ ಕೊನೆಯಲ್ಲೇ ಕಾಗದ ಕಳಿಸಿ ತಿಳಿಸಿದ್ದರಂತೆ. ಸುಮಾರು 270 ಮಂದಿ ಕೆಲಸ ಕಳೆದುಕೊಂಡರಂತೆ. ಅವರಿಗೊಂದು ಸಂಘವಿತ್ತು, ಮೂರು ತಿಂಗಳ ಮುನ್ಸೂಚನೆ ಕೊಡಬೇಕೆಂಬ ಕಾನೂನಿತ್ತು. ಅದೇನೂ ಮಹಾ ಉಪಕಾರವಲ್ಲ, ಕೆಲಸ ಹೋದದ್ದು ಹೋದದ್ದೇ. ಆದರೆ ಎಷ್ಟು ಮಂದಿ ಹೊರಗೆ ಬಂದರೆಂದು ಹೇಳುವುದಕ್ಕೆ ಅಲ್ಲೊಂದು ಲೆಕ್ಕವಾದರೂ ಇತ್ತಲ್ಲ! ಫೋನಿಟ್ಟ ಮೇಲೆ ನನ್ನ ಕಣ್ಣಿಗೆ ಕಟ್ಟಿದ್ದು ಇಲಿಯನ್ ಅಲ್ಲ, ನಮ್ಮ ಕರಾವಳಿಯ ಹಂಚಿನ ಕಾರ್ಖಾನೆಗಳು.

ನಮ್ಮ ಹಂಚಿನ ಕಥೆಯೂ ಸಣ್ಣದಲ್ಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದರು. ಹೊಳೆದಂಡೆಯ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸಲು ಕಡಲು, ಮೂರೂ ಕೈಯಳತೆಯಲ್ಲಿದ್ದವು. 1886ರಲ್ಲಿ ನಮ್ಮ ಮಲ್ಪೆಗೂ ಮಿಶನ್ನಿನ ಹಂಚಿನ ಕಾರ್ಖಾನೆ ಬಂತು. ನೋಡನೋಡುತ್ತ ಊರಿನವರೂ ಒಂದೊಂದು ಹಾಕಿದರು, ಹೊಳೆಯ ಬದಿಗೆ ಕೊಳವೆಗಳು ಎದ್ದು ನಿಂತವು. ಹಂಚು ಹಡಗು ಹತ್ತಿ ಬರ್ಮಾ, ಸಿಲೋನು, ಆಫ್ರಿಕಾದ ಪೂರ್ವ ಕರಾವಳಿಯ ತನಕ ಹೋಯಿತು. ಮುಳಿಹುಲ್ಲಿನ ಮಾಡಿನ ಕೆಳಗೆ ಪ್ರತಿ ಬೇಸಿಗೆಯಲ್ಲೂ ಬೆಂಕಿಗೆ ಹೆದರುತ್ತಿದ್ದ ಬಡವರ ಮನೆಗೂ ನಿಧಾನವಾಗಿ ಹಂಚು ಬಂತು.

ಈಗ ಆ ಕೊಳವೆಗಳಲ್ಲಿ ಹೆಚ್ಚಿನವು ಹೊಗೆ ಕಾರುವುದಿಲ್ಲ. ಒಂದೊಂದಾಗಿ ಮುಚ್ಚಿದ ಕಾರ್ಖಾನೆಗಳ ಜಾಗದಲ್ಲಿ ವಸತಿ ಸಮುಚ್ಚಯ, ಮದುವೆ ಹಾಲು ಎದ್ದಿವೆ. ಪತ್ರಿಕೆಗಳಲ್ಲಿ 'ಒಂದು ಪರಂಪರೆಯ ಅಂತ್ಯ' ಎಂದು ಬರೆಯುತ್ತಾರೆ. ಹಳೆಯ ಹಂಚಿನ ಫೋಟೋ ಹಾಕುತ್ತಾರೆ. ನನ್ನ ತಕರಾರು ಈ ಶೋಕದ ಮೇಲೆಯೇ.

ನಮ್ಮ ಮನೆಯ ಹಿಂದಿನ ಕೇರಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಅವರ ಮಗಳು ನನ್ನ ವಿದ್ಯಾರ್ಥಿನಿ. ಆ ಅಕ್ಕ ಇಪ್ಪತ್ತೆರಡು ವರ್ಷ ಒಂದು ಹಂಚಿನ ಕಾರ್ಖಾನೆಗೆ ಹೋದವರು. ಮಣ್ಣು ಹೊತ್ತದ್ದು, ಅಚ್ಚಿನಿಂದ ಬಂದ ಹಸಿಹಂಚಿನ ಅಂಚು ಕೆರೆದದ್ದು, ಒಣಗಲು ಅಟ್ಟಣಿಗೆಗೆ ಇಟ್ಟದ್ದು, ಮತ್ತೆ ಭಟ್ಟಿಯ ಬಾಯಿಗೆ ಸಾಗಿಸಿದ್ದು, ಎಲ್ಲ ಅವರೇ, ಅವರಂಥ ಹೆಂಗಸರೇ. ಬೆಂದ ಹಂಚು ಒಂದು ಎರಡೂವರೆ ಕಿಲೋದ ಆಸುಪಾಸು, ಹಸಿಯದ್ದು ಇನ್ನೂ ಭಾರ. ದಿನಕ್ಕೆ ಎಷ್ಟು ನೂರು ಹಂಚು ಆ ಕೈ ದಾಟಿತೋ! ಗಂಡಸರಿಗಿಂತ ಕೂಲಿ ಕಡಿಮೆ. 1976ರಲ್ಲೇ ಸಮಾನ ವೇತನದ ಕಾಯಿದೆ ಬಂದಿತ್ತೆಂದು ಅವರಿಗೆ ಹೇಳಿದವರಿಲ್ಲ. ನಾನೂ ಹೇಳಿರಲಿಲ್ಲ.

2005ರ ಸುಮಾರಿಗೆ ಒಂದು ಸೋಮವಾರ ಗೇಟಿಗೆ ಬೀಗ ಬಿದ್ದಿತ್ತು. ಬುತ್ತಿ ಹಿಡಿದುಕೊಂಡು ಹೋದವರು ಹಾಗೆಯೇ ತಿರುಗಿ ಬಂದರು. ಪಿ.ಎಫ್. ಹಣ ಬಂತೇ ಎಂದು ನಾನು ಕೇಳಿದ್ದಕ್ಕೆ ಅವರೆಂದ ಮಾತು ಈಗಲೂ ಕಿವಿಯಲ್ಲಿದೆ. "ಕಾಣಿ ಟೀಚ್ರೇ, ಹಂಚಿನ ಮೇಲೆ ಅವ್ರ ಹೆಸ್ರಿತ್ತ್. ನಮ್ಮ ಹೆಸ್ರ್ ಪುಸ್ತಕದಗೂ ಇಲ್ಲೆ."

ಕಾಯಿದೆ ಇರಲಿಲ್ಲವೆ? ಇತ್ತು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ, ಕಾರ್ಖಾನೆ ಮುಚ್ಚಿದರೆ ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ಸಂಬಳ ಪರಿಹಾರವಾಗಿ ಸಿಗಬೇಕಿತ್ತು. ಐದು ವರ್ಷ ಬಿಡದೆ ದುಡಿದವರಿಗೆ 1972ರ ಕಾಯಿದೆಯಂತೆ ಗ್ರಾಚ್ಯುಟಿ ಬೇರೆ. ಆದರೆ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಮಳೆಗಾಲ ಬಂತೆಂದರೆ ಈ ಹೆಂಗಸರನ್ನು ಬಿಡಿಸಿ, ತೆನೆಹಬ್ಬ ಮುಗಿದ ಮೇಲೆ ಮತ್ತೆ ಕರೆಯುತ್ತಿದ್ದರು. ಶನಿವಾರ ಸಂಬಳ ಕೈಗೆ, ಚೀಟಿಯಿಲ್ಲ, ರುಜುವಿಲ್ಲ. ಇಪ್ಪತ್ತೆರಡು ವರ್ಷ ಹೀಗೆ ತುಂಡುತುಂಡಾಗಿ ನೀರುಪಾಲಾಯಿತು. ಆಮೇಲೆ ಅವರು ಕೆಲವು ಕಾಲ ಗೇರುಬೀಜ ಸುಲಿದರು, ಬೀಡಿ ಕಟ್ಟಿದರು. ಈಗ ಸೊಂಟ ನೆಟ್ಟಗೆ ನಿಲ್ಲುವುದಿಲ್ಲ.

ಕೆಲವರು ಹೇಳುತ್ತಾರೆ, ಕಾಲ ಬದಲಾಯಿತು, ಏನು ಮಾಡುವುದು? ಹೌದು, ಒಪ್ಪುತ್ತೇನೆ. ಮಣ್ಣಿಗಾಗಿ ಅಗೆದ ಎಷ್ಟೋ ಗದ್ದೆಗಳು ಹೊಂಡವಾಗಿ ಉಳಿದವು. ಸೌದೆಗಾಗಿ ಗುಡ್ಡಗಳು ಬೋಳಾದವು. ಎಲ್ಲ ಕಾರ್ಖಾನೆಗಳೂ ಎಂದೆಂದಿಗೂ ನಡೆಯಬೇಕೆಂಬ ಹಟ ನನಗಿಲ್ಲ. ಮುಚ್ಚಿದ್ದು ಪಾಪವಲ್ಲ. ಅಲ್ಲಿ ಯಾರೂ ದುಡಿದೇ ಇರಲಿಲ್ಲ ಎಂಬಂತೆ ಮುಚ್ಚಿದ್ದು ಪಾಪ.

ಆ ಪಾಪದಲ್ಲಿ ನನ್ನ ಪಾಲೂ ಇದೆ. 2004ರಲ್ಲಿ ನಾವು ಹಂಚಿನ ಮನೆ ಕೆಡವಿ ತಾರಸಿ ಹಾಕಿಸಿದೆವು. ಹಟ ಹಿಡಿದವಳು ನಾನೇ. ಸಹೋದ್ಯೋಗಿಗಳೆಲ್ಲರ ಮನೆ ತಾರಸಿಯಾಗಿರುವಾಗ ನಮ್ಮದು ಮಾತ್ರ ಇಲಿ ಓಡಾಡುವ ಮಾಡೇ ಎಂಬ ನಾಚಿಕೆ. ಪಕಾಸಿ, ರೀಪು ಸೌದೆಯಾಯಿತು, ಹಂಚು ಗುಜರಿ ದರಕ್ಕೆ ಹೋಯಿತು. ಹತ್ತು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿ ಸೋರಿತು. ಈಗ ಅದರ ಮೇಲೆ ತಗಡಿನ ಶೀಟು ಕೂತಿದೆ. ಏಪ್ರಿಲಿನಲ್ಲಿ ಒಳಗೆ ಕೂತರೆ ಭಟ್ಟಿಯಲ್ಲಿ ಕೂತಂತೆ. ಬೀಗ ಬಿದ್ದ ಗೇಟಿನ ಒಂದು ಕೀಲಿ ನನ್ನಂಥವರ ಸೆರಗಿನಲ್ಲೂ ಇತ್ತು. ಅದೇ ಹಳೆಯ ಹಂಚನ್ನು ರೆಸಾರ್ಟಿನವರು ದುಬಾರಿ ಬೆಲೆಗೆ ಕೊಂಡು ಜಗಲಿಗೆ ಹೊದಿಸುವುದನ್ನು ಕಂಡಾಗ 'ಎಷ್ಟು ಚಂದ' ಎನ್ನುವವರೂ ನಾವೇ!

ಹಂಚಿಗೆ ಇಷ್ಟು ಮರ್ಯಾದೆ ಸಿಕ್ಕಿತು, ಸಂತೋಷ. ಹೊತ್ತವಳಿಗೆ?

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಏನು ಫಲ ಎಂದು ಕೇಳಬಹುದು. ಆದರೆ ಸೂರೆ ಇನ್ನೂ ನಿಂತಿಲ್ಲ. ನಾವು ಸೀರೆ ಕೊಳ್ಳುವ ಜವಳಿ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವ ಹುಡುಗಿಯರನ್ನು ನೋಡಿ. ಮಕ್ಕಳನ್ನು ಕಳಿಸುವ ಖಾಸಗಿ ಶಾಲೆಯ ಆಯಾಗಳನ್ನು ನೋಡಿ. ಬಿ.ಎಡ್. ಮಾಡಿಯೂ ಬೇಸಿಗೆ ರಜೆಯ ಸಂಬಳವಿಲ್ಲದೆ ಜೂನಿಗೆ ಮತ್ತೆ ಹೊಸಬರಂತೆ ಸೇರುವ ಟೀಚರುಗಳೂ ಇದ್ದಾರೆ. ಅವರ ಬೇಸಿಗೆ ರಜೆಗೂ ಹಂಚಿನ ಅಕ್ಕನ ಮಳೆಗಾಲಕ್ಕೂ ಏನು ವ್ಯತ್ಯಾಸ? ನಮ್ಮ ಸರಕಾರಿ ಶಾಲೆಗಳಲ್ಲಿ ಬಿಸಿಯೂಟ ಬೇಯಿಸುವವರಿಗೆ ಸಿಗುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವ ಸಂಭಾವನೆ ಎನ್ನುತ್ತಾರೆ.

2025ರ ನವೆಂಬರಿನಲ್ಲಿ ಹಳೆಯ ಕಾರ್ಮಿಕ ಕಾಯಿದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಎಲ್ಲ ಗುಣದೋಷ ಬಲ್ಲವಳು ನಾನಲ್ಲ. ಆದರೆ ಕೆಲಸಕ್ಕೆ ಸೇರಿದವರಿಗೆ ನೇಮಕಾತಿ ಪತ್ರ ಕೊಡಬೇಕೆಂಬ ನಿಯಮ ಅದರಲ್ಲಿದೆ. ಅದನ್ನು ಕೇಳಿ ಪಡೆಯಿರಿ. ಸಂಬಳದ ಚೀಟಿ, ಪಿ.ಎಫ್. ನಂಬರು, ಹಾಜರಿಯ ನಕಲು, ಇವನ್ನು ಒಡವೆಯ ಪೆಟ್ಟಿಗೆಯಲ್ಲೇ ಇಡಿ. ಕೇಳಲು ಹೆದರುವ ನೆರೆಮನೆಯ ಹುಡುಗಿಗೆ ಜತೆಯಾಗಿ ಹೋಗಿ. ನಾನು ಆ ಅಕ್ಕನಿಗಾಗಿ ಹೋಗಲಿಲ್ಲ. ಪ್ರತಿದಿನ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ಕೂಗುತ್ತಿದ್ದವಳಿಗೆ, ಬೇಲಿಯಾಚೆಯ ಹೆಂಗಸಿನ ಹೆಸರು ಯಾವ ಪುಸ್ತಕದಲ್ಲಿದೆ ಎಂದು ಒಮ್ಮೆ ಕೇಳಬೇಕೆನಿಸಲಿಲ್ಲ.

ನಮ್ಮ ಬಚ್ಚಲುಕೊಟ್ಟಿಗೆಗೆ ಇನ್ನೂ ಹಳೆಯ ಹಂಚೇ ಇದೆ. ಮೊನ್ನೆ ಗಾಳಿಮಳೆಗೆ ಒಂದು ಕೆಳಗೆ ಬಿತ್ತು. ಎತ್ತಿ ತಿರುವಿ ನೋಡಿದೆ. ಕಂಪನಿಯ ಹೆಸರು ಅಚ್ಚೊತ್ತಿದಂತೆಯೇ ಸ್ಪಷ್ಟವಾಗಿತ್ತು. ಅಂಚಿನಲ್ಲಿ, ಹಸಿಯಿದ್ದಾಗ ಯಾರದೋ ಹೆಬ್ಬೆರಳು ಒತ್ತಿದ ಗುರುತೂ ಇತ್ತು.