ಸಂಜೆಯ ಕೂಲಿ

ಅಡಿಕೆ ಕೊಯ್ಲಿನ ಕಾಲ ಬಂತೆಂದರೆ ಇಸಳೂರಿನ ಸುತ್ತಲಿನ ಮನೆಗಳಲ್ಲಿ ತಡರಾತ್ರಿಯವರೆಗೂ ದೀಪ ಆರುವುದಿಲ್ಲ. ಹಗಲು ಕೊನೆಗೌಡನು ಮರವೇರಿ ಇಳಿಸಿದ ಹಸಿ ಅಡಿಕೆಯನ್ನು ಬೇಗನೆ ಸುಲಿದು ಬೇಯಿಸಬೇಕು. ಮೆಟ್ಟುಗತ್ತಿಯ ಮುಂದೆ ಕುಳಿತವರಲ್ಲಿ ಹೆಂಗಸರೇ ಹೆಚ್ಚು. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ಈ ಕೈಗಳ ಪಾಲನ್ನು ನೆನೆದವರೆಷ್ಟು ಮಂದಿ?

ನಮ್ಮ ಧರ್ಮಕೇಂದ್ರಗಳಲ್ಲಿ ಕೂಲಿ ಕೊಡುವವರೂ ಇದ್ದಾರೆ, ಪಡೆಯುವವರೂ ಇದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ಇಬ್ಬರೂ ಒಂದೇ ಪೀಠದ ಮುಂದೆ ಮೊಣಕಾಲೂರುತ್ತಾರೆ. ಆದುದರಿಂದ ಇದು ಪರರ ಮನೆಯ ಮಾತಲ್ಲ.

ನ್ಯಾಯವೆಂದೊಡನೆ ನಮಗೆ ಕೋರ್ಟು, ವಕೀಲರು ನೆನಪಾಗುತ್ತಾರೆ. ಆದರೆ 13ನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಅದನ್ನು ಹೃದಯದ ಸದ್ಗುಣವೆಂದು ಬಗೆದರು. ಪ್ರತಿಯೊಬ್ಬರಿಗೂ ಸಲ್ಲತಕ್ಕುದನ್ನು ಸಲ್ಲಿಸುವ ಅಚಲ ಸಂಕಲ್ಪವೇ ನ್ಯಾಯ. ಸಲ್ಲತಕ್ಕುದು ಯಾರ ಕೃಪೆಯೂ ಅಲ್ಲ. ಅದು ನಮ್ಮ ಕೈಯಲ್ಲಿ ಉಳಿದಿರುವ ಪರರ ಸ್ವತ್ತು.

ಈ ಅಳತೆಗೋಲಿನಿಂದ ನಮ್ಮ ದಿನಚರಿಯನ್ನು ಅಳೆದು ನೋಡೋಣ. ವಾರದ ಕೂಲಿಯನ್ನು ‘ನಾಳೆ ಬಾ’ ಎಂದು ಮುಂದೂಡುತ್ತೇವೆ. ಒಂದೇ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ದರ ಕಟ್ಟುತ್ತೇವೆ. ಅದೇ ಹೆಂಗಸಿಗೆ ಹಬ್ಬದಲ್ಲಿ ಸೀರೆ ಕೊಟ್ಟು ಉದಾರಿಗಳೆನಿಸಿಕೊಳ್ಳುತ್ತೇವೆ. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ಕೊಡಲಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಎಚ್ಚರಿಸಿತು. ಸಮಾನ ಕೆಲಸಕ್ಕೆ ಸ್ತ್ರೀಪುರುಷರಿಬ್ಬರಿಗೂ ಸಮಾನ ವೇತನ ದೊರೆಯಬೇಕೆಂಬುದು ನಮ್ಮ ಸಂವಿಧಾನದ 39ನೆಯ ವಿಧಿಯ ನಿರ್ದೇಶವೂ ಹೌದು. ದೇವರ ಧರ್ಮವೂ ದೇಶದ ಧರ್ಮವೂ ಇಲ್ಲಿ ಒಂದೇ ಮಾತನ್ನಾಡುತ್ತವೆ.

‘ಕೊಳೆರೋಗ ಬಂತು, ದರ ಬಿತ್ತು, ನಾವೇನು ಮಾಡೋಣ?’ ಎಂದು ತೋಟಿಗರು ಕೇಳಬಹುದು. ಅವರ ಸಂಕಟ ಸುಳ್ಳಲ್ಲ. ಆದರೆ ದರ ಏರಿದ ವರ್ಷ ಲಾಭದಲ್ಲಿ ಪಾಲು ಪಡೆಯದ ಕೂಲಿಯವಳು ದರ ಬಿದ್ದ ವರ್ಷ ನಷ್ಟದಲ್ಲಿ ಏಕೆ ಪಾಲು ಹೊರಬೇಕು? ಬೆಳೆದವನಿಗೆ ನ್ಯಾಯವಾದ ತೂಕವೂ ಬೆಲೆಯೂ ಸಿಗಬೇಕೆಂದು ಹಂಬಲಿಸಿದ ನಾಡು ಇದು. ಶಿರಸಿಯ ತೋಟಿಗರು 1923ರಲ್ಲೇ ಒಗ್ಗೂಡಿ ಸಹಕಾರಿ ಮಾರಾಟ ಸಂಘ ಕಟ್ಟಿದರು. ಪೇಟೆಯ ತಕ್ಕಡಿಯ ಮುಂದೆ ನಾವು ಬಯಸಿದ ನ್ಯಾಯವನ್ನು ನಮ್ಮ ಅಂಗಳದಲ್ಲಿ ನಿರಾಕರಿಸಿದರೆ ಅದು ನ್ಯಾಯಪ್ರೇಮವಲ್ಲ, ಸ್ವಪ್ರೇಮ.

ಕೆಲಸಗಾರರಿಗೂ ಕರ್ತವ್ಯವುಂಟು. ಮುಂಗಡ ಪಡೆದು ಬಾರದಿರುವುದು, ಒಪ್ಪಿದ ಕೆಲಸವನ್ನು ಅರೆಬರೆ ಮಾಡುವುದು ಕೂಡ ಅನ್ಯಾಯವೇ. ಜಗದ್ಗುರು 13ನೆಯ ಲಿಯೋ ಅವರು 1891ರ ತಮ್ಮ ವಿಶ್ವಪತ್ರದಲ್ಲಿ ಎರಡೂ ಪಕ್ಷಗಳ ಹೊಣೆಯನ್ನು ಸ್ಪಷ್ಟಪಡಿಸಿದ್ದರು. ಆದರೆ ಮನೆಯಲ್ಲಿ ಅಕ್ಕಿಯಿಲ್ಲದವಳು ಕೂಲಿಯ ದರಕ್ಕೆ ‘ಹೂಂ’ ಎಂದಳೆಂಬುದರಿಂದಲೇ ಆ ದರ ನ್ಯಾಯವಾಗದೆಂಬುದನ್ನೂ ಅವರು ಮರೆಯಲಿಲ್ಲ. ಹಸಿವಿನ ಒಪ್ಪಿಗೆ ಒಪ್ಪಿಗೆಯಲ್ಲ.

ಬಡವನ ದಿನಗೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡತಕ್ಕದ್ದೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತು. ತಡೆಹಿಡಿದ ಕೂಲಿಯ ಮೊರೆ ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು ಎಚ್ಚರಿಸಿದರು. ಪಾಪನಿವೇದನೆಯಲ್ಲಿ ಕಣ್ಣೀರು ಸುರಿಸಿದರಷ್ಟೇ ಸಾಲದು, ಕಿತ್ತುಕೊಂಡುದನ್ನು ಹಿಂದಿರುಗಿಸಬೇಕು. ಜಕ್ಕಾಯನು ನಾಲ್ಕು ಪಟ್ಟು ಹಿಂದಿರುಗಿಸಲು ಮುಂದಾದನು. ನಮ್ಮಿಂದ ಅಷ್ಟು ಆಗದಿದ್ದರೂ ಬಾಕಿಯಿರುವಷ್ಟನ್ನಾದರೂ ತೀರಿಸಬಹುದಲ್ಲವೇ?

ಈ ವಾರ ಪ್ರತಿ ಮನೆಯ ಯಜಮಾನರೂ ಯಜಮಾನತಿಯರೂ ತಮ್ಮ ಲೆಕ್ಕದ ಪುಸ್ತಕವನ್ನೊಮ್ಮೆ ತೆರೆಯಲಿ. ಯಾರ ಹೆಸರಿನ ಮುಂದೆ ಬಾಕಿ ಉಳಿದಿದೆಯೋ ಅವರ ಮನೆಯ ಬಾಗಿಲಿಗೆ ತಾವೇ ಹೋಗಿ ಕೊಟ್ಟುಬರಲಿ. ಅನಂತರ ಕಾಣಿಕೆಯೊಡನೆ ಪೀಠದ ಬಳಿಗೆ ಬರಲಿ. ಆ ಕಾಣಿಕೆ ದೇವರಿಗೆ ಮೆಚ್ಚುಗೆಯಾದೀತು.