ಅಪಘಾತದ ಪರಿಹಾರವನ್ನು ಚೇಣಿಗೆ ಕೊಡಬೇಡಿ

ಈ ಪುಟವನ್ನು ಬಿತ್ತನೆ, ಗೊಬ್ಬರ, ಕೀಟಬಾಧೆಗಳ ಸಲುವಾಗಿ ಓದುವ ರೈತ ಬಾಂಧವರಿಗೆ ವಕೀಲರ ಮಾತು ಇಲ್ಲೇಕೆ ಬಂತು ಎನಿಸೀತು. ನಿಮ್ಮ ಊರಿನ ವಾಚನಾಲಯದಲ್ಲಿ ಈಗ ಕುಳಿತಿರುವ ಹತ್ತು ಮಂದಿಯನ್ನು ವಿಚಾರಿಸಿ ನೋಡಿ. ತಮ್ಮ ಮನೆಯಲ್ಲಾಗಲಿ ನೆಂಟರಲ್ಲಾಗಲಿ ರಸ್ತೆ ಅಪಘಾತದಲ್ಲಿ ಪೆಟ್ಟು ತಿಂದವರೇ ಇಲ್ಲ ಎನ್ನುವವರು ಸಿಗುವುದು ಕಷ್ಟ. ಹೆದ್ದಾರಿಗಳು ಅಗಲವಾದವು, ಕಾರುಗಳ ವೇಗ ಹೆಚ್ಚಿತು. ಹೆದ್ದಾರಿಯ ಈಚೆಗೆ ಊರು, ಆಚೆಗೆ ಹೊಲ ಇರುವವರು ಮಾತ್ರ ಮೊದಲಿನಂತೆಯೇ ದಿನಕ್ಕೆ ನಾಲ್ಕು ಸಲ ಅದನ್ನು ದಾಟುತ್ತಿದ್ದಾರೆ.

ನನ್ನ ತಂಗಿಯ ಯಜಮಾನರಿಗೆ 2019ರಲ್ಲಿ ಆದದ್ದನ್ನು ಹೇಳುತ್ತೇನೆ. ಶಿರಾ ಕಡೆಯ ಹೆದ್ದಾರಿಯ ಪಕ್ಕದ ಊರು ಅವರದು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಮೊಪೆಡ್ಡಿನಲ್ಲಿ ಹಿಂತಿರುಗುವಾಗ ಹಿಂದಿನಿಂದ ಬಂದ ಕಾರು ಹೊಡೆಯಿತು. ಬಲಗಾಲು ಎರಡು ಕಡೆ ಮುರಿಯಿತು. ಆಸ್ಪತ್ರೆಗೆ ಸೇರಿದ ನಾಲ್ಕನೆಯ ದಿನ, ಪರಿಚಯವೇ ಇಲ್ಲದ ಒಬ್ಬರು ಕೈಯಲ್ಲಿ ಫೈಲು ಹಿಡಿದು ಮಂಚದ ಬಳಿಗೆ ಬಂದರು. ತಾವು ವಕೀಲರ ಕಡೆಯವರು, ಒಂದು ಪೈಸೆ ಖರ್ಚಿಲ್ಲದೆ ಕೇಸು ನಡೆಸಿಕೊಡುತ್ತೇವೆ, ಬಂದದ್ದರಲ್ಲಿ ನೂರಕ್ಕೆ ಮೂವತ್ತು ಕೊಟ್ಟರೆ ಸಾಕು ಎಂದರು. ಒಡವೆ ಅಡವಿಟ್ಟು ಆಸ್ಪತ್ರೆಯ ಬಿಲ್ಲು ಕಟ್ಟುತ್ತಿದ್ದ ನನ್ನ ತಂಗಿಗೆ ದೇವರೇ ಬಂದಂತಾಯಿತು. ಏಳು ಕಡೆ ರುಜು ಹಾಕಿಸಿಕೊಂಡರು. ಅದರಲ್ಲಿ ನಾಲ್ಕು ಖಾಲಿ ಕಾಗದ, ಒಂದು ಖಾಲಿ ಚೆಕ್ಕು.

ಮೂರು ವರ್ಷ ಕಳೆದ ಮೇಲೆ ಲೋಕ ಅದಾಲತ್ತಿನಲ್ಲಿ 3,60,000 ರೂಪಾಯಿಗೆ ರಾಜಿ ಆಯಿತು. ಅದರಲ್ಲಿ ನೂರಕ್ಕೆ ಮೂವತ್ತರಂತೆ 1,08,000 ಹೋಯಿತು. ಡಾಕ್ಟರ ಸಾಕ್ಷಿಯ ಖರ್ಚು, ಆಫೀಸಿನ ಖರ್ಚು ಎಂದು ಮತ್ತೆ 40,000 ಹೋಯಿತು. ಕೈಗೆ ಬಂದದ್ದು 2,12,000. ಒಡವೆ ಬಿಡಿಸಿಕೊಳ್ಳಲು 1,90,000 ಬೇಕಾಯಿತು. ತಮ್ಮ ವಕೀಲರ ಮುಖವನ್ನು ಅವರು ಆ ಮೂರು ವರ್ಷದಲ್ಲಿ ನೋಡಿದ್ದು ಎರಡೇ ಸಲ.

ಇದನ್ನು ಓದಿ ವಕೀಲರೆಲ್ಲರೂ ಹೀಗೆಯೇ ಎಂದು ಯಾರೂ ತಿಳಿಯಬಾರದು. ಬಡವರ ಕೇಸನ್ನು ತಮ್ಮ ಕೈಯಿಂದ ಖರ್ಚು ಹಾಕಿ ನಡೆಸಿದ ವಕೀಲರು ನಮ್ಮ ತಾಲೂಕು ಕೋರ್ಟುಗಳಲ್ಲಿ ಇದ್ದಾರೆ. ಅಂಥವರನ್ನು ನಾನು ಬಲ್ಲೆ. ನನ್ನ ಆಕ್ಷೇಪ ಇರುವುದು ಆಸ್ಪತ್ರೆಯ ಮಂಚದ ಬಳಿ ನಡೆಯುವ ಈ ಪಾಲಿನ ವ್ಯಾಪಾರದ ಮೇಲೆ. ಅದನ್ನು ಕಾನೂನೂ ಒಪ್ಪುವುದಿಲ್ಲ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಕೇಸಿನ ಫಲಿತಾಂಶಕ್ಕೆ ಗಂಟುಹಾಕಿ ಫೀಜು ಗೊತ್ತುಮಾಡಬಾರದು, ಬಂದ ಹಣದಲ್ಲಿ ಪಾಲು ಪಡೆಯುವ ಕರಾರು ಮಾಡಿಕೊಳ್ಳಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ಮಧ್ಯವರ್ತಿಗಳನ್ನು ಬಿಟ್ಟು ಕೇಸು ಹಿಡಿಯುವುದನ್ನೂ ಅದೇ ನಿಯಮಗಳು ನಿಷೇಧಿಸಿವೆ. 2017ರ ಡಿಸೆಂಬರಿನಲ್ಲಿ ತೆಲಂಗಾಣದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಂದ ಪರಿಹಾರದ ಪಾಲಿಗಾಗಿ ವಕೀಲರು ಚೆಕ್ಕು ಬರೆಸಿಕೊಂಡಿದ್ದರು. ಅದು ಪಾಸಾಗದೆ ಹೋದಾಗ ಆಕೆಯ ಮೇಲೆಯೇ ಕ್ರಿಮಿನಲ್ ಕೇಸು ಹಾಕಿದ್ದರು. ಪರಿಹಾರದಲ್ಲಿ ಶೇಕಡಾವಾರು ಫೀಜು ಕೇಳುವುದು ಕಾನೂನಿಗೆ ವಿರುದ್ಧ ಎಂದು ಹೇಳಿ ಸರ್ವೋಚ್ಚ ನ್ಯಾಯಾಲಯವು ಆ ಕೇಸನ್ನು ರದ್ದುಮಾಡಿತು.

ಪಾಲಿನ ಪದ್ಧತಿ ಇಲ್ಲದಿದ್ದರೆ ಕೈಯಲ್ಲಿ ಕಾಸಿಲ್ಲದ ರೈತ ಕೋರ್ಟಿನ ಮೆಟ್ಟಿಲು ಹತ್ತುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ನಮಗೆ ಚೇಣಿ ಎಂದರೆ ಏನೆಂದು ಗೊತ್ತು. ಅಡಿಕೆ ತೋಟವನ್ನೋ ಹುಣಸೆ ಮರವನ್ನೋ ಚೇಣಿಗೆ ಹಿಡಿದವನು ಮುಂಗಡ ಹಣ ಎಣಿಸುತ್ತಾನೆ, ಕಾಯಿ ಉದುರಿದರೆ ಅವನೂ ನಷ್ಟ ಅನುಭವಿಸುತ್ತಾನೆ. ಈ ಪಾಲಿನ ವ್ಯಾಪಾರದಲ್ಲಿ ಅವರು ನಿಮಗೆ ಮುಂಗಡ ಕೊಡುವುದೂ ಇಲ್ಲ, ಖರ್ಚನ್ನು ಬಿಡುವುದೂ ಇಲ್ಲ. ಹೆಚ್ಚು ಶ್ರಮವಿಲ್ಲದೆ ಬೇಗ ರಾಜಿಯಾದರೆ ಅವರಿಗೆ ಲಾಭ. ಇನ್ನೊಂದು ವರ್ಷ ಕಾದು ಡಾಕ್ಟರ ಸಾಕ್ಷಿ ಹಾಕಿಸಿದ್ದರೆ ಬರಬಹುದಾಗಿದ್ದ ಹೆಚ್ಚಿನ ಹಣ ಹೋಗುವುದು ನಿಮ್ಮ ಪಾಲಿನದು.

ಕಾಸಿಲ್ಲದವರಿಗೆ ಬೇರೆ ದಾರಿ ಇದೆ. ತಾಲೂಕು ಕೋರ್ಟಿನ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ವರಮಾನ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಸರ್ಕಾರ ಗೊತ್ತುಮಾಡಿದ ವರಮಾನದ ಮಿತಿಯೊಳಗಿದ್ದರೆ ಸಿಗುತ್ತದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ವಿಚಾರಿಸಬಹುದು. ಸಮಿತಿಯ ವಕೀಲರು ಮನಸ್ಸಿಟ್ಟು ಮಾಡುವುದಿಲ್ಲ ಎಂಬ ದೂರು ಉಂಟು, ಕೆಲವೆಡೆ ಅದು ನಿಜವೂ ಹೌದು. ಆದರೂ ಮೊದಲು ಅಲ್ಲಿಗೆ ಹೋಗಿ ಕೇಳಿ, ಆಮೇಲೆ ಬೇರೆಯವರನ್ನು ನೋಡಿ ಎಂಬುದು ನನ್ನ ಅಭಿಪ್ರಾಯ. ನಮ್ಮ ವಾಚನಾಲಯದ ಗೋಡೆಯ ಮೇಲೆ ಜಾತ್ರೆಯ, ನಾಟಕದ ಚೀಟಿ ಅಂಟಿಸಲು ಜಾಗವಿದೆ. ಈ ಐದಂಕಿಯನ್ನು ಬರೆಸಲು ಪಂಚಾಯಿತಿಗೆ ಎಷ್ಟು ಖರ್ಚಾದೀತು?

ಸ್ವಂತವಾಗಿ ವಕೀಲರನ್ನು ಹಿಡಿಯುವವರು ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಓಡಬೇಕಾಗಿಲ್ಲ. ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬೇಕೆಂದೇನೂ ಇಲ್ಲ, ನೀವು ವಾಸವಾಗಿರುವ ಕಡೆಯೂ ಹಾಕಬಹುದು. ಆದುದರಿಂದ ವಾಯಿದೆಯ ದಿನ ಬಸ್ಸಿನಲ್ಲಿ ಹೋಗಿ ಸಂಜೆಯ ಹಾಲು ಕರೆಯುವ ಹೊತ್ತಿಗೆ ಬರುವಷ್ಟು ಹತ್ತಿರದ ವಕೀಲರೇ ಲೇಸು. ಅವರ ಕಚೇರಿಗೆ ನೀವೇ ಹೋಗಿ, ಜೊತೆಗೆ ಓದು ಬಲ್ಲ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ಎಂ.ವಿ.ಸಿ. ಕೇಸುಗಳನ್ನು ನಡೆಸಿದ ಅನುಭವ ಇದೆಯೇ, ಸಾಕ್ಷಿ ವಿಚಾರಣೆಯನ್ನು ತಾವೇ ಮಾಡುತ್ತೀರೋ ಕಿರಿಯರಿಗೆ ಬಿಡುತ್ತೀರೋ, ಫೀಜು ಒಟ್ಟು ಎಷ್ಟು, ಯಾವಾಗ ಎಷ್ಟು ಕೊಡಬೇಕು ಎಂದು ಸಂಕೋಚವಿಲ್ಲದೆ ಕೇಳಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು ಇಲ್ಲಿ ಮಾತ್ರ ನಾಚಿಕೊಳ್ಳುತ್ತೇವೆ. ಫೀಜನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಿ, ಕೊಟ್ಟ ಪ್ರತಿಯೊಂದು ರೂಪಾಯಿಗೂ ರಶೀತಿ ಪಡೆಯಿರಿ. ವಕಾಲತ್ತು ನಾಮೆಗೆ ರುಜು ಹಾಕಬೇಕಾದದ್ದೇ. ಖಾಲಿ ಕಾಗದಕ್ಕಾಗಲಿ, ಚೆಕ್ಕಿಗಾಗಲಿ, ಬ್ಯಾಂಕಿನ ಹಣ ತೆಗೆಯುವ ಚೀಟಿಗಾಗಲಿ ಹಾಕಕೂಡದು. ಪರಿಹಾರದ ಹಣ ನೇರವಾಗಿ ಹಕ್ಕುದಾರರ ಬ್ಯಾಂಕ್ ಖಾತೆಗೇ ಹೋಗಬೇಕೆಂದು ಸುಪ್ರೀಂ ಕೋರ್ಟು 2025ರಲ್ಲಿ ಹೇಳಿದೆ. ಖಾಲಿ ಚೆಕ್ಕು ಬೇರೆಯವರ ಕೈಯಲ್ಲಿದ್ದರೆ ಆ ಆದೇಶದಿಂದ ನಿಮಗೇನೂ ಪ್ರಯೋಜನವಿಲ್ಲ.

ವಕೀಲರ ಮೇಲೆ ವಿಶ್ವಾಸ ಹೋದರೆ ಬದಲಾಯಿಸಬಹುದು. ಫೀಜು ಬಾಕಿ ಇದೆಯೆಂದು ಕಕ್ಷಿದಾರನ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು 2000ದಲ್ಲಿಯೇ ಸುಪ್ರೀಂ ಕೋರ್ಟಿನ ತೀರ್ಪಾಗಿದೆ.

ಇನ್ನು ಕಾಲದ ಮಾತು. 1994ರ ತಿದ್ದುಪಡಿಯ ನಂತರ ಬಹಳ ವರ್ಷ ಅರ್ಜಿಗೆ ಕಾಲಮಿತಿಯೇ ಇರಲಿಲ್ಲ. ಆ ನೆನಪಿನಲ್ಲಿ, ಕಾಲು ಗುಣವಾಗಲಿ ಆಮೇಲೆ ನೋಡೋಣ ಎನ್ನುವ ಹಿರಿಯರು ಈಗಲೂ ಇದ್ದಾರೆ. 2022ರ ಏಪ್ರಿಲ್ 1ರಿಂದ ಕಾನೂನು ಬದಲಾಗಿ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದಾಗಿದೆ. ಈ ಮಿತಿಯನ್ನು ಪ್ರಶ್ನಿಸಿದವರಿದ್ದಾರೆ, ನಿಜ. ಅದನ್ನು ನಂಬಿ ನೀವು ತಡಮಾಡಬೇಡಿ. ಬಡ್ಡಿಯ ಲೆಕ್ಕವೂ ಅರ್ಜಿ ಹಾಕಿದ ದಿನಕ್ಕಿಂತ ಹಿಂದೆ ಹೋಗುವುದಿಲ್ಲ.

ಆದರೆ ವಕೀಲರ ಬಳಿ ಹೋಗುವ ಮೊದಲೇ ಬಹಳ ಕೇಸುಗಳು ಕೆಟ್ಟಿರುತ್ತವೆ. ಗಾಯಾಳುವನ್ನು ಆಸ್ಪತ್ರೆಗೆ ತಂದಾಗ ಹೇಗಾಯಿತು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಪೊಲೀಸು, ಠಾಣೆ ಎಂಬ ರಗಳೆ ಬೇಡವೆಂದು ಜೊತೆಗೆ ಬಂದವರು, ಗಾಡಿಯಿಂದ ತಾನೇ ಬಿದ್ದ ಎಂದುಬಿಡುತ್ತಾರೆ. ಕಾರಿನವನು ಖರ್ಚು ಕೊಡುತ್ತೇನೆಂದು ಕೈಮುಗಿದನೆಂದು ಹೀಗೆ ಹೇಳುವವರೂ ಉಂಟು. ಆ ಒಂದು ಸಾಲು ಆಸ್ಪತ್ರೆಯ ಕಾಗದದಲ್ಲಿ ಉಳಿಯುತ್ತದೆ. ಎರಡು ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಅದನ್ನೇ ನ್ಯಾಯಾಧೀಶರ ಮುಂದೆ ಹಿಡಿಯುತ್ತಾರೆ. ಆಗ ಎಂಥ ವಕೀಲರಿದ್ದರೂ ತಿಣುಕಬೇಕಾಗುತ್ತದೆ. ಆದ್ದರಿಂದ ಆದದ್ದನ್ನು ಆದಂತೆಯೇ ಬರೆಸಿ. ಗಾಡಿಯ ನಂಬರು ಗುರುತು ಹಾಕಿಕೊಳ್ಳಿ, ಠಾಣೆಗೆ ಅಂದೇ ದೂರು ಕೊಡಿ, ಎಫ್.ಐ.ಆರ್. ಪ್ರತಿ ಪಡೆಯಿರಿ. ಮಹಜರು, ಗಾಯದ ಪ್ರಮಾಣಪತ್ರ, ಔಷಧಿ ಅಂಗಡಿಯ ಬಿಲ್ಲು, ಕೊನೆಗೆ ಆಸ್ಪತ್ರೆಗೆ ಹೋಗಿಬಂದ ಆಟೋದ ಚೀಟಿಯವರೆಗೆ ಎಲ್ಲವೂ ಒಂದು ಚೀಲದಲ್ಲಿರಲಿ. ಮೂಲ ಕಾಗದ ಯಾರಿಗೇ ಕೊಟ್ಟರೂ ನಕಲು ನಿಮ್ಮಲ್ಲಿರಲಿ.

ಹೊಡೆದ ಗಾಡಿ ಯಾವುದೆಂದೇ ಗೊತ್ತಾಗದೆ ಹೋದರೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯವಾದವರಿಗೆ 50,000 ರೂಪಾಯಿ ಸಿಗುತ್ತದೆ. ಅದರ ಅರ್ಜಿಯನ್ನು ವಿಚಾರಿಸುವವರು ಕಂದಾಯ ಇಲಾಖೆಯ ಅಧಿಕಾರಿಗಳು; ಅದಕ್ಕೆ ವಕೀಲರ ಅಗತ್ಯವಿಲ್ಲ. ಅಂಥ ಪ್ರಕರಣಕ್ಕೆ ಯಾವುದಾದರೂ ಗಾಡಿಯನ್ನು ಜೋಡಿಸಿ ದೊಡ್ಡ ಪರಿಹಾರ ಕೊಡಿಸುತ್ತೇವೆ ಎಂದು ಹೇಳುವ ದಲ್ಲಾಳಿಗಳ ಹತ್ತಿರ ಸುಳಿಯಬೇಡಿ. ಸುಳ್ಳು ಅಪಘಾತ ಕೇಸುಗಳ ಸಂಬಂಧ 2021ರಲ್ಲಿ ಉತ್ತರ ಪ್ರದೇಶದ 28 ವಕೀಲರನ್ನೇ ಪರಿಷತ್ತು ಅಮಾನತು ಮಾಡಿತು. ಹಾಗಿರುವಾಗ ಸುಳ್ಳು ಸಾಕ್ಷಿಗೆ ರುಜು ಹಾಕಿದ ರೈತನನ್ನು ಯಾರು ಬಿಟ್ಟಾರು?

ಒಳ್ಳೆಯ ವಕೀಲರಿಂದ ಆಗುವ ವ್ಯತ್ಯಾಸ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ನೋಡಿ. ಗಾಯಾಳುವಿನ ವಯಸ್ಸು 42, ತಿಂಗಳ ದುಡಿಮೆ 12,000 ಎಂದು ನ್ಯಾಯಾಲಯ ಒಪ್ಪಿತೆನ್ನಿ. ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದ ಪಟ್ಟಿಯಂತೆ ಆ ವಯಸ್ಸಿಗೆ 14ರಿಂದ ಗುಣಿಸಬೇಕು. ವರ್ಷಕ್ಕೆ 1,44,000ದಂತೆ 20,16,000 ಆಯಿತು. ಕಾಲಿನ ಊನ ನೂರಕ್ಕೆ 45 ಎಂದು ಡಾಕ್ಟರು ಬರೆದರೆ, ಇಡೀ ದೇಹಕ್ಕೆ ಅದರ ಮೂರನೆಯ ಒಂದು ಭಾಗ, ಅಂದರೆ 15 ಎಂದು ಹಿಡಿಯುವುದು ವಾಡಿಕೆ. ಬರುವ ಹಣ 3,02,400. ಆದರೆ ಊನವೆಷ್ಟು ಎಂಬುದಕ್ಕಿಂತ ಆ ಊನದಿಂದ ಅವನ ಕಸುಬಿಗೆ ಎಷ್ಟು ನಷ್ಟ ಎಂಬುದನ್ನು ನೋಡಬೇಕೆಂದು 2010ರಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಿದೆ. ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆಯುವವರಿಗೆ ಮಂಡಿ ಮಡಚದಿದ್ದರೆ ಆಗುವ ನಷ್ಟವೇ ಬೇರೆ, ಗದ್ದೆಯ ಕೆಸರಿಗೆ ಇಳಿಯುವವನ ನಷ್ಟವೇ ಬೇರೆ. ಇದನ್ನು ಡಾಕ್ಟರ ಬಾಯಿಂದ, ನಿಮ್ಮ ಬಾಯಿಂದ ಹೇಳಿಸಿ ನೂರಕ್ಕೆ 30ರ ನಷ್ಟವೆಂದು ಒಪ್ಪಿಸಿದರೆ ಅದೇ ಹಣ 6,04,800 ಆಗುತ್ತದೆ. ನನ್ನ ತಂಗಿಯ ಯಜಮಾನರ ಕೇಸಿನಲ್ಲಿ, ನಿಮಗೆ ಈಗ ಕುಕ್ಕರಗಾಲಿನಲ್ಲಿ ಕುಳಿತು ಹಾಲು ಕರೆಯಲು ಆಗುತ್ತದೆಯೇ ಎಂದು ಅವರನ್ನು ಯಾರೂ ಕೇಳಲಿಲ್ಲ.

ರೈತನ ವರಮಾನಕ್ಕೆ ಸಂಬಳದ ಚೀಟಿ ಇರುವುದಿಲ್ಲ. ಪಹಣಿಯೊಂದನ್ನೇ ಹಾಜರುಪಡಿಸಿದರೆ ಜಮೀನು ಹಾಗೆಯೇ ಇದೆಯಲ್ಲ, ನಷ್ಟವೇನು ಎಂಬ ಪ್ರಶ್ನೆ ಬರುತ್ತದೆ. ದುಡಿಯುವವನು ಸತ್ತರೂ ಭೂಮಿ ವಾರಸುದಾರರಿಗೇ ಉಳಿಯುತ್ತದೆ, ಬೇಸಾಯ ನೋಡಿಕೊಳ್ಳಲು ಆಳು ಇಡಬೇಕಾದೀತು, ನಷ್ಟವನ್ನು ಆ ದೃಷ್ಟಿಯಿಂದ ನೋಡಬೇಕು ಎಂದು 2003ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದು ಹೊಲದಲ್ಲಿ ಬೆವರಿಳಿಸಿದವರ ಲೆಕ್ಕವಲ್ಲ ಎಂದು ನನಗನಿಸುತ್ತದೆ. ಮನೆಯ ಯಜಮಾನ ಮಲಗಿದ ವರ್ಷ ಹೊಲ ಬೀಳುಬಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಏನೇ ಇರಲಿ, ಡೈರಿಯ ಹಾಲಿನ ಪುಸ್ತಕ, ಎ.ಪಿ.ಎಂ.ಸಿ. ಚೀಟಿ, ರೇಷ್ಮೆಗೂಡಿನ ಮಾರುಕಟ್ಟೆಯ ರಶೀತಿ, ಕಬ್ಬಿನ ಕಾರ್ಖಾನೆಯ ಬಿಲ್ಲು, ಅಪಘಾತವಾದ ಮೇಲೆ ಆಳಿಗೆ ಕೊಟ್ಟ ಕೂಲಿಯ ಲೆಕ್ಕ, ಇವನ್ನೆಲ್ಲ ವಕೀಲರ ಮುಂದಿಡಿ. ಅವರಾಗಿ ಕೇಳದಿದ್ದರೂ ಕೊಡಿ.

ಟ್ರಾಕ್ಟರಿನ ಮಾಲೀಕರಿಗೂ ಒಂದು ಮಾತು. ಮದುವೆ ದಿಬ್ಬಣವನ್ನು ಟ್ರೇಲರಿನಲ್ಲಿ ತುಂಬಿಕೊಂಡು ಹೋಗುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಸರಕು ಸಾಗಿಸುವ ವಾಹನದಲ್ಲಿ ಪುಕ್ಕಟೆ ಕುಳಿತುಬಂದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂಬುದು ಇಪ್ಪತ್ತು ವರ್ಷಕ್ಕೂ ಹಿಂದೆಯೇ ತೀರ್ಮಾನವಾಗಿದೆ. ಅಂಥ ಕೇಸಿನಲ್ಲಿ ಸಮನ್ಸು ಬಂದರೆ, ಕಂಪನಿ ನೋಡಿಕೊಳ್ಳುತ್ತದೆಂದು ಸುಮ್ಮನಿರದೆ ನೀವೂ ವಕೀಲರನ್ನಿಟ್ಟು ಹಾಜರಾಗಬೇಕು. ಇಲ್ಲವಾದರೆ ಡಿಕ್ರಿ ನಿಮ್ಮ ಜಮೀನಿನ ಮೇಲೆ ಬರುತ್ತದೆ.

ಲೋಕ ಅದಾಲತ್ತಿನ ರಾಜಿಯನ್ನು ನಾನು ವಿರೋಧಿಸುವುದಿಲ್ಲ. ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ. ಆದರೆ ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ. ರುಜು ಹಾಕುವ ಮೊದಲು ಮೊತ್ತವೆಷ್ಟು, ಬಡ್ಡಿ ಸೇರಿದೆಯೇ, ಯಾವ ಲೆಕ್ಕದಿಂದ ಈ ಮೊತ್ತ ಬಂತು ಎಂದು ಪೀಠದಲ್ಲಿ ಕುಳಿತ ನ್ಯಾಯಾಧೀಶರನ್ನೇ ಕೇಳಬಹುದು. ಒಪ್ಪಿಗೆಯಾಗದಿದ್ದರೆ ಒಲ್ಲೆ ಎನ್ನಬಹುದು, ಕೇಸು ಮುಂದುವರಿಯುತ್ತದೆ.

ಪಾಲು ಹಿಡಿದುಕೊಂಡ ವಕೀಲರ ಮೇಲೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ನನ್ನ ತಂಗಿಯ ಯಜಮಾನರಿಗೂ ಹಾಗೆಯೇ ಹೇಳಿದೆ. ಅವರು ಪೆಟ್ಟಿಗೆ ತೆಗೆದು ಹುಡುಕಿದರು. ಆಸ್ಪತ್ರೆಯ ಎಕ್ಸ್-ರೇ ಹಾಳೆಗಳಿದ್ದವು. ಕೊಟ್ಟ 1,48,000 ರೂಪಾಯಿಗೆ ಒಂದು ಚೀಟಿಯೂ ಇರಲಿಲ್ಲ.