ಸಮ್ಮೇಳನಕ್ಕೆ ಮಕ್ಕಳು ಪ್ರಬಂಧದೊಂದಿಗೆ ಬರಲಿ

ಸಂಶೋಧನಾ ಸಮ್ಮೇಳನ ನಡೆಯುವ ಊರಿನ ಶಾಲಾ ಮಕ್ಕಳಿಗೆ ಅಲ್ಲಿ ಸಿಗುವ ಕೆಲಸ ಸಾಮಾನ್ಯವಾಗಿ ನಾಡಗೀತೆ ಹಾಡುವುದು, ಅತಿಥಿಗಳಿಗೆ ಹೂಗುಚ್ಛ ಕೊಡುವುದು. ಪ್ರಬಂಧ ಮಂಡನೆ ಶುರುವಾಗುವ ಹೊತ್ತಿಗೆ ಅವರು ಶಾಲೆಗೆ ಮರಳಿರುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಮಟ್ಟಿಗಂತೂ ಇದರಿಂದ ನಷ್ಟ ಸಂಶೋಧನೆಗೇ.

ಶಾಸನತಜ್ಞ ಬಿ.ಎಲ್. ರೈಸ್ ಈ ಎರಡೂ ತಾಲ್ಲೂಕುಗಳ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೇ ಸಂಪುಟದಲ್ಲಿ ಪ್ರಕಟಿಸಿದ್ದು 1898ರಲ್ಲಿ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಗುಂಡ್ಲುಪೇಟೆ 1974ರ ಮೂರನೇ ಸಂಪುಟಕ್ಕೂ ಚಾಮರಾಜನಗರ 1975ರ ನಾಲ್ಕನೇ ಸಂಪುಟಕ್ಕೂ ಸೇರಿದವು. ಶಾಸನಪಾಠದ ಜೊತೆಗೆ ಕಲ್ಲು ಎಲ್ಲಿದೆ ಎಂಬ ವಿವರವೂ ಅಲ್ಲಿದೆ: ಕೆರೆ ಏರಿ, ದೇವಸ್ಥಾನದ ಬಾಗಿಲು, ಯಾರದೋ ಹೊಲ. ಅರ್ಧ ಶತಮಾನದಲ್ಲಿ ಏರಿ ರಸ್ತೆಯಾಗಿರಬಹುದು, ಹೊಲ ನಿವೇಶನವಾಗಿರಬಹುದು. ಆ ಕಲ್ಲು ಈಗ ಅಲ್ಲೇ ಇದೆಯೇ?

ಊರೂರು ಅಲೆದು ಇದನ್ನು ನೋಡಲು ವಿದ್ವಾಂಸರ ಸಂಖ್ಯೆ ಸಾಲದು. ತೆರಕಣಾಂಬಿಯ, ಹರದನಹಳ್ಳಿಯ, ನರಸಮಂಗಲದ ಮಕ್ಕಳು ಮಾತ್ರ ದಿನವೂ ಗುಡಿಯ ಮುಂದೆಯೇ ಓಡಾಡುತ್ತಾರೆ. ಎಂಟನೇ ತರಗತಿಯ ವಿದ್ಯಾರ್ಥಿಗೆ ಹಳೆಯ ಲಿಪಿ ಓದಲು ಬರಬೇಕಿಲ್ಲ. ಕಲ್ಲಿನ ಎತ್ತರ, ಅಗಲ ಅಳೆದು, ಫೋಟೊ ತೆಗೆದು, ಊರಿನ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ ಎಂದು ಬರೆದುಕೊಂಡರೆ ಸಾಕು. ಕಲ್ಲು ಕಾಣೆಯಾಗಿದ್ದರೆ ಅದೂ ಒಂದು ಶೋಧವೇ. ಕಲ್ಲನ್ನು ಕೆರೆಯಬಾರದು, ಅದಕ್ಕೆ ಬಣ್ಣ ಹಚ್ಚಬಾರದು ಎಂಬುದೇ ಮೊದಲ ಪಾಠವಾಗಲಿ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು, ಮಲೆ ಮಾದಪ್ಪನ ಕತೆ ಹೇಳುವ ದೇವರಗುಡ್ಡರು ಇರುವ ಊರುಗಳಲ್ಲಿ ದಾಖಲಿಸಬೇಕಾದದ್ದು ಇನ್ನೂ ಬಹಳವಿದೆ. ಬುಡಕಟ್ಟಿನ ಸೋಲಿಗರ ಅರಿವನ್ನು ದಾಖಲಿಸುವಾಗ ಅವರ ಪೋಡಿನ, ಅಂದರೆ ಹಾಡಿಯ, ಹಿರಿಯರ ಒಪ್ಪಿಗೆ ಮೊದಲು.

ವಿಜ್ಞಾನ ಕ್ಷೇತ್ರ ಈ ದಾರಿಯಲ್ಲಿ ಎಂದೋ ನಡೆದಿದೆ. 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದವರು ಸ್ಥಳೀಯ ಸಮಸ್ಯೆಗಳ ಅಧ್ಯಯನ ಮಂಡಿಸುತ್ತಿದ್ದಾರೆ. ಇಂಗ್ಲೆಂಡಿನ ಬ್ಲ್ಯಾಕಾಟನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯ 25 ಮಕ್ಕಳು ದುಂಬಿಗಳ ಬಗ್ಗೆ ನಡೆಸಿದ ಪ್ರಯೋಗವನ್ನು 2010ರಲ್ಲಿ ‘ಬಯಾಲಜಿ ಲೆಟರ್ಸ್’ ಪತ್ರಿಕೆ ಪ್ರಕಟಿಸಿತು. ಅವರ ವಯಸ್ಸು ಎಂಟರಿಂದ ಹತ್ತು. ಇತಿಹಾಸ, ಜಾನಪದದ ಸಮ್ಮೇಳನಗಳು ಹಿಂಜರಿಯಲು ಕಾರಣವಿಲ್ಲ.

ಮಕ್ಕಳ ಹೆಸರಿನಲ್ಲಿ ಮೇಷ್ಟ್ರೇ ಬರೆದುಕೊಟ್ಟರೆ ಎಂಬ ಆತಂಕ ನ್ಯಾಯವಾದದ್ದು. ಅಂದವಾಗಿ ಟೈಪಾದ ಪ್ರಬಂಧಕ್ಕಿಂತ ಮಣ್ಣು ಮೆತ್ತಿದ ಕ್ಷೇತ್ರಕಾರ್ಯದ ನೋಟ್‌ಬುಕ್ಕನ್ನು ಮೊದಲು ನೋಡಿದರೆ ಆ ಆತಂಕ ಬಹುಪಾಲು ಕರಗುತ್ತದೆ. ಎಸ್ಸೆಸ್ಸೆಲ್ಸಿಯ ಒತ್ತಡವಿದೆ ಎನ್ನುವವರು ಎಂಟು, ಒಂಬತ್ತನೇ ತರಗತಿಯವರನ್ನು ಆರಿಸಿಕೊಳ್ಳಲಿ. ಬೇಕಾದದ್ದು ಒಂದು ಅಳತೆಪಟ್ಟಿ, ಒಂದು ಫೋನು, ಕೆಲವು ಶನಿವಾರದ ಮಧ್ಯಾಹ್ನಗಳು.

2023ರಲ್ಲಿ ಚಾಮರಾಜನಗರ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಬಂತು. ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳು ತಲಾ ಒಂದು ಶಾಲೆಯ ಹೊಣೆ ಹೊರಲಿ. ಪ್ರತಿ ಸಮ್ಮೇಳನದಲ್ಲಿ ಒಂದು ಗೋಷ್ಠಿ, ಸಮಾರೋಪದ ಆಚೀಚೆ ತಳ್ಳದೆ, ಮಕ್ಕಳಿಗೆ ಮೀಸಲಿರಲಿ. ವಿದ್ವಾಂಸರು ಕೂತು ಕೇಳಲಿ, ಪ್ರಶ್ನಿಸಲಿ, ತಪ್ಪಿದ್ದರೆ ತಿದ್ದಲಿ. ಸಮ್ಮೇಳನದ ಸಂಪುಟದಲ್ಲಿ ಆ ಬರಹ ಮಗುವಿನ ಹೆಸರಿನಲ್ಲೇ ಅಚ್ಚಾಗಿ, ಶಾಲೆಗೂ ಒಂದು ಪ್ರತಿ ತಲುಪಲಿ.

ಏರಿ ಅಗಲ ಮಾಡಲು ಜೆಸಿಬಿ ಬಂದ ದಿನ, ‘ನಿಲ್ಲಿಸಿ, ಅದು ಶಾಸನ, ನಾನೇ ಅಳೆದಿದ್ದೇನೆ’ ಎನ್ನಲು ಊರಲ್ಲಿ ಒಬ್ಬರಾದರೂ ಇರಬೇಕು. ಅಂಥ ಒಬ್ಬರನ್ನು ಬೆಳೆಸುವ ಹೊಣೆ ಸಮ್ಮೇಳನ ನಡೆಸುವವರದು.